ಮನೆಯ ಹಿರಿಯರಿಗೆ ಹಲ್ಲಿನ ಚಿಕಿತ್ಸೆ

"ಈ ವಯಸ್ಸಿನಲ್ಲಿ ಹಲ್ಲಿಗೆ ಇನ್ನೇನು ಮಾಡಿಸುವುದು?" ಎಂಬ ಮಾತು ನಮ್ಮ ಮನೆಗಳಲ್ಲಿ ಕಿರಿಯರ ಬಾಯಿಂದಲೂ ಬರುತ್ತದೆ, ಹಿರಿಯರ ಬಾಯಿಂದಲೂ ಬರುತ್ತದೆ. ಮಕ್ಕಳು ಹೇಳಿದಾಗ ಅದರಲ್ಲಿ ಅಂಜಿಕೆ ಇರುತ್ತದೆ. ತಂದೆಗೆ ಹೃದ್ರೋಗ, ತಾಯಿಗೆ ಸಕ್ಕರೆ ಕಾಯಿಲೆ. ಹಲ್ಲು ಕೀಳಿಸಹೋಗಿ ಮತ್ತೊಂದಾದರೆ ಏನು ಗತಿ ಎಂಬ ಭಯ. ಹಿರಿಯರು ಹೇಳಿದಾಗ ಅದರಲ್ಲಿ ಸಂಕೋಚವಿರುತ್ತದೆ. ಮಗ ಕಚೇರಿಗೆ ರಜ ಹಾಕಬೇಕು, ಆಟೋ ಕರೆಸಬೇಕು, ಇಬ್ಬರು ತೋಳು ಹಿಡಿದು ಮೆಟ್ಟಿಲಿಳಿಸಬೇಕು. ಒಂದು ಹಲ್ಲಿಗಾಗಿ ಇಷ್ಟೆಲ್ಲ ಏಕೆಂದು ಅವರು ಸುಮ್ಮನಾಗುತ್ತಾರೆ. ಹಲ್ಲು ಸುಮ್ಮನಿರುವುದಿಲ್ಲ. ಮೊದಲು ಚಕ್ಕುಲಿ, ಕೋಡುಬಳೆಗಳು ತಟ್ಟೆಯಿಂದ ದೂರವಾಗುತ್ತವೆ. ಆಮೇಲೆ ಕಾಳು, ಸೊಪ್ಪು, ಹಣ್ಣಿನ ಹೋಳು. ಕೊನೆಗೆ ಮೂರು ಹೊತ್ತೂ ಮಿದ್ದ ಅನ್ನ, ಗಂಜಿ, ಹಾಲಿನಲ್ಲಿ ನೆನೆಸಿದ ಬಿಸ್ಕತ್ತು. ಮೈ ಇಳಿದುದನ್ನು ಕಂಡ ನೆಂಟರು "ವಯಸ್ಸಾಯಿತಲ್ಲ" ಎನ್ನುತ್ತಾರೆ. ಹಲ್ಲು ಮಾಡಿದ ತಪ್ಪಿಗೆ ವಯಸ್ಸು ದೂರು ಕೇಳಬೇಕಾಗುತ್ತದೆ.

ಹೃದ್ರೋಗ, ಸಕ್ಕರೆ ಕಾಯಿಲೆ, ಪಾರ್ಶ್ವವಾಯು ಮೊದಲಾದವು ಇರುವವರಿಗೆ ಹಲ್ಲಿನ ಚಿಕಿತ್ಸೆ ಆಗದು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಅದು ನಿಜವಲ್ಲ. ಬಹುತೇಕ ಚಿಕಿತ್ಸೆಗಳನ್ನು ಅವರಿಗೂ ಮಾಡಬಹುದು. ಆದರೆ ಸಿದ್ಧತೆಯಿಲ್ಲದೆ ಮಾಡಬಾರದು. ಹೃದಯ ನೋಡುವ ವೈದ್ಯರು ಒಂದು ಬೀದಿಯಲ್ಲಿದ್ದಾರೆ, ಹಲ್ಲು ನೋಡುವ ವೈದ್ಯರು ಇನ್ನೊಂದು ಬೀದಿಯಲ್ಲಿದ್ದಾರೆ, ಇಬ್ಬರಿಗೂ ಮುಖಪರಿಚಯವಿಲ್ಲ. ತೊಂದರೆ ಹುಟ್ಟುವುದು ಸಾಮಾನ್ಯವಾಗಿ ಈ ನಡುವಣ ಬೀದಿಯಲ್ಲಿ. ಅತ್ತಣ ಮಾತನ್ನು ಇತ್ತ, ಇತ್ತಣ ಮಾತನ್ನು ಅತ್ತ ಮುಟ್ಟಿಸುವ ಕೆಲಸ ಮನೆಯವರದೇ ಆಗಿದೆ.

ನಮ್ಮ ಅಜ್ಜಂದಿರ ಕಾಲದಲ್ಲಿ ಈ ಪ್ರಶ್ನೆ ಇಷ್ಟು ತೊಡಕಿನದಾಗಿರಲಿಲ್ಲ. ಮುಪ್ಪು ಬರುವ ಹೊತ್ತಿಗೆ ಹಲ್ಲುಗಳೆಲ್ಲ ಉದುರಿ ಬೊಚ್ಚುಬಾಯಿಯಾಗಿರುತ್ತಿತ್ತು. ಎಲೆಯಡಿಕೆಯನ್ನು ಪುಟ್ಟ ಕುಟ್ಟಾಣಿಯಲ್ಲಿ ಕುಟ್ಟಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಈಗ 75, 80 ವರ್ಷದವರ ಬಾಯಲ್ಲಿ ಸ್ವಂತ ಹಲ್ಲುಗಳು ಹತ್ತೋ ಹದಿನೈದೋ ಉಳಿದಿರುತ್ತವೆ. ಜಪಾನಿನಲ್ಲಿ 1989ರಲ್ಲಿ, 80ನೆಯ ವಯಸ್ಸಿಗೆ 20 ಹಲ್ಲುಗಳಾದರೂ ಉಳಿದಿರಬೇಕು ಎಂಬ ಗುರಿಯಿಟ್ಟು ಒಂದು ಆಂದೋಲನವನ್ನೇ ಆರಂಭಿಸಿದರು. ಹಲ್ಲು ಉಳಿಯುವುದು ಒಳ್ಳೆಯದೇ. ಆದರೆ ಉಳಿದ ಹಲ್ಲು ಹುಳುಕಲೂಬಹುದು, ಕೀವು ಕಟ್ಟಲೂಬಹುದು; ಅಷ್ಟರಲ್ಲಿ ಅದರ ಒಡೆಯರು ದಿನಕ್ಕೆ ಏಳೆಂಟು ಮಾತ್ರೆ ನುಂಗುವವರಾಗಿರುತ್ತಾರೆ.

ಮುಪ್ಪಿನ ಹಲ್ಲಿಗೆ ತನ್ನದೇ ಆದ ಕೆಲವು ಗುಣಗಳುಂಟು. ಒಸಡು ಕೆಳಕ್ಕೆ ಸರಿದು ಬೇರಿನ ಭಾಗ ಹೊರಗೆ ಕಾಣುತ್ತದೆ. ಹಲ್ಲಿನ ತಲೆಗೆ ಇರುವ ಗಟ್ಟಿಯಾದ ಹೊರಪದರ ಬೇರಿಗೆ ಇಲ್ಲ, ಆದ್ದರಿಂದ ಅದು ಬೇಗ ಹುಳುಕುತ್ತದೆ. ಜೊತೆಗೆ ಬಾಯಿ ಒಣಗುತ್ತದೆ. ರಕ್ತದೊತ್ತಡ, ಖಿನ್ನತೆ, ಮೂತ್ರದ ತೊಂದರೆ, ನಿದ್ರೆ ಮುಂತಾದವುಗಳ ಅನೇಕ ಮಾತ್ರೆಗಳು ಜೊಲ್ಲನ್ನು ಕಡಿಮೆ ಮಾಡುತ್ತವೆ. ಹಲ್ಲಿಗೆ ಜೊಲ್ಲೇ ಸಹಜವಾದ ಕಾವಲು. ಅದು ಬತ್ತಿದರೆ ವರ್ಷಗಟ್ಟಲೆ ಕೆಡದೆ ಇದ್ದ ಹಲ್ಲುಗಳು ಕೆಲವೇ ತಿಂಗಳಲ್ಲಿ ಬುಡದಿಂದ ಕೊರೆದುಹೋಗುತ್ತವೆ. ಇನ್ನೊಂದು ಮಾತು. ವಯಸ್ಸಾದಂತೆ ಹಲ್ಲಿನೊಳಗಿನ ನರದ ಕೋಣೆ ಕಿರಿದಾಗುತ್ತದೆ, ನೋವಿನ ಅರಿವೂ ಕುಂದುತ್ತದೆ. ಯುವಕನಾಗಿದ್ದರೆ ರಾತ್ರಿಯಿಡೀ ಕೂಗಿಸುತ್ತಿದ್ದ ಹುಳುಕು ಹಲ್ಲು ಮುದುಕರಲ್ಲಿ ಸದ್ದಿಲ್ಲದೆ ಕೆಲಸ ಮುಗಿಸಿಬಿಡಬಹುದು. "ನೋವಿಲ್ಲವಲ್ಲ" ಎಂದು ಬಿಡುವುದು ಇದರಿಂದಲೇ ಅಪಾಯ.

ಹಲ್ಲಿನ ವೈದ್ಯರನ್ನು ಹುಡುಕುವ ಮೊದಲು ಮನೆಯಲ್ಲಿ ಅರ್ಧ ಗಂಟೆಯ ಕೆಲಸವಿದೆ. ಒಂದು ಹಾಳೆಯಲ್ಲಿ ಹಿರಿಯರಿಗಿರುವ ಕಾಯಿಲೆಗಳು, ಆಗಿರುವ ಶಸ್ತ್ರಚಿಕಿತ್ಸೆಗಳು, ಒಗ್ಗದ ಔಷಧಿಗಳು, ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಹೆಸರು ಮತ್ತು ಪ್ರಮಾಣವನ್ನು ಬರೆಯಬೇಕು. ಮಾತ್ರೆಯ ಹೆಸರು ಓದಲಾಗದಿದ್ದರೆ ಖಾಲಿ ಪಟ್ಟಿಗಳನ್ನೇ ಚೀಲಕ್ಕೆ ಹಾಕಿಕೊಳ್ಳುವುದು ಸುಲಭ. "ಬಿ.ಪಿ. ಮಾತ್ರೆ, ಬಿಳಿ ಬಣ್ಣದ್ದು" ಎಂದು ಹೇಳಿದರೆ ಯಾವ ವೈದ್ಯರಿಗೂ ಪ್ರಯೋಜನವಿಲ್ಲ. ಅನಂತರ, ಹಿರಿಯರನ್ನು ಸದಾ ನೋಡುವ ವೈದ್ಯರ ಬಳಿಗೆ ಹೋಗಿ, ಹಲ್ಲಿನ ಚಿಕಿತ್ಸೆ ಮಾಡಿಸಬೇಕೆಂದಿದ್ದೇವೆ ಎಂದು ತಿಳಿಸಿ, ನಾಲ್ಕು ಸಾಲಿನ ಪತ್ರ ಬರೆಸಿಕೊಳ್ಳಬೇಕು. ಇದಕ್ಕಾಗಿ ರೋಗಿಯನ್ನು ಕರೆದೊಯ್ಯಲೇಬೇಕೆಂದಿಲ್ಲ. ಇತ್ತೀಚಿನ ರಕ್ತಪರೀಕ್ಷೆಯ ಚೀಟಿಗಳೂ, ಹೃದಯ ಪರೀಕ್ಷೆಯ ವರದಿಯೂ ಆ ಪತ್ರದ ಜೊತೆಗಿದ್ದರೆ ಹಲ್ಲಿನ ವೈದ್ಯರ ಅರ್ಧ ಆತಂಕ ಕಳೆಯುತ್ತದೆ. ಇವೊಂದೂ ಇಲ್ಲದೆ ಹೋದವರನ್ನು, "ಫಿಸಿಷಿಯನ್ನರ ಒಪ್ಪಿಗೆ ತನ್ನಿ" ಎಂದು ಹಿಂದಕ್ಕೆ ಕಳುಹಿಸುವುದುಂಟು. ನಡೆಯಲಾರದವರ ಪಾಲಿಗೆ ಆ ಒಂದು ವ್ಯರ್ಥ ಪ್ರಯಾಣವೇ ಚಿಕಿತ್ಸೆಯ ಕೊನೆಯಾಗಿಬಿಡುತ್ತದೆ; ಮತ್ತೆ ಹೊರಡಲು ಅವರು ಒಪ್ಪುವುದಿಲ್ಲ.

ಔಷಧಿಗಳಲ್ಲಿ ಕೆಲವನ್ನು ಹೆಸರಿಸಿಯೇ ಹೇಳಬೇಕಾಗಿದೆ. ಮೊದಲನೆಯದು ರಕ್ತ ತೆಳುಮಾಡುವ ಮಾತ್ರೆ. ಹೃದಯದ ನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡವರಿಗೆ ಆಸ್ಪಿರಿನ್, ಕ್ಲೊಪಿಡೊಗ್ರೆಲ್. ಕೃತಕ ಕವಾಟವುಳ್ಳವರಿಗೆ ವಾರ್ಫರಿನ್ ಅಥವಾ ಅಸಿನೊಕುಮರಾಲ್. ಈಚೆಗೆ ಅಪಿಕ್ಸಬಾನ್, ಡಾಬಿಗಟ್ರಾನ್ ಮುಂತಾದ ಹೊಸ ಮಾತ್ರೆಗಳೂ ಬಂದಿವೆ. ಹಲ್ಲು ಕೀಳಿಸುವ ಮುನ್ನ ಇವನ್ನು ಐದು ದಿನ ನಿಲ್ಲಿಸಬೇಕೆಂದು ಯಾರೋ ಹೇಳಿದ್ದನ್ನು ಕೇಳಿ ಮನೆಯಲ್ಲೇ ನಿಲ್ಲಿಸಿಬಿಡುವ ರೂಢಿ ಇದೆ. ಇದಕ್ಕಿಂತ ಅಪಾಯದ ಕೆಲಸ ಮತ್ತೊಂದಿಲ್ಲ. ಬಾಯಲ್ಲಿ ಬರುವ ರಕ್ತ ಕಣ್ಣಿಗೆ ಕಾಣುತ್ತದೆ. ಹತ್ತಿಬಟ್ಟೆಯಿಟ್ಟು ಒತ್ತಿ ಹಿಡಿಯಬಹುದು, ಹೊಲಿಗೆ ಹಾಕಬಹುದು, ರಕ್ತ ಹೆಪ್ಪುಗಟ್ಟಿಸುವ ಔಷಧಿಯನ್ನು ಹಚ್ಚಬಹುದು. ಮಾತ್ರೆ ನಿಂತಾಗ ಸ್ಟೆಂಟಿನಲ್ಲೋ ಮಿದುಳಿನ ನಾಳದಲ್ಲೋ ಕಟ್ಟುವ ಹೆಪ್ಪು ಯಾರ ಕಣ್ಣಿಗೂ ಕಾಣುವುದಿಲ್ಲ, ಬೆರಳಿಟ್ಟು ಒತ್ತಿ ಹಿಡಿಯಲೂ ಆಗುವುದಿಲ್ಲ. ಆದುದರಿಂದಲೇ ಈಗ, ಒಂದೆರಡು ಹಲ್ಲು ಕೀಳುವುದಕ್ಕೆ ಆಸ್ಪಿರಿನ್ನಿನಂತಹ ಮಾತ್ರೆಗಳನ್ನು ನಿಲ್ಲಿಸದೆಯೇ ಚಿಕಿತ್ಸೆ ಮಾಡುವುದು ಸಾಮಾನ್ಯ ಪದ್ಧತಿಯಾಗಿದೆ. ವಾರ್ಫರಿನ್ ತೆಗೆದುಕೊಳ್ಳುವವರಿಗೆ ಐ.ಎನ್.ಆರ್. ಎಂಬ ರಕ್ತಪರೀಕ್ಷೆಯನ್ನು ಹಿಂದಿನ ದಿನ ಮಾಡಿಸಿ, ಅದು ಸುಮಾರು 3.5ರ ಒಳಗಿದ್ದರೆ ಸಾಮಾನ್ಯವಾಗಿ ಮುಂದುವರಿಯುತ್ತಾರೆ. ಹೊಸ ಮಾತ್ರೆಗಳಲ್ಲಿ ಬೆಳಗಿನ ಒಂದು ಗುಳಿಗೆಯನ್ನು ತಡಮಾಡಿ ಕೊಡಬೇಕೆ ಬೇಡವೆ ಎಂಬುದನ್ನು ವೈದ್ಯರೇ ಹೇಳಬೇಕು. ನಿಲ್ಲಿಸುವ ತೀರ್ಮಾನ ಮನೆಯವರದಲ್ಲ, ಔಷಧಿ ಅಂಗಡಿಯವರದೂ ಅಲ್ಲ.

ಎರಡನೆಯದು ಬಹಳ ಮಂದಿ ಪಟ್ಟಿಯಲ್ಲಿ ಬರೆಯಲು ಮರೆಯುವ ಔಷಧಿ. ಎಲುಬು ಸವೆತಕ್ಕೆಂದು ಅನೇಕ ಅಜ್ಜಿಯರಿಗೆ ವಾರಕ್ಕೊಂದು ಅಲೆಂಡ್ರೊನೇಟ್ ಮಾತ್ರೆಯನ್ನೋ, ವರ್ಷಕ್ಕೊಮ್ಮೆ ಝೋಲೆಡ್ರಾನಿಕ್ ಆಮ್ಲದ ಡ್ರಿಪ್ಪನ್ನೋ, ಆರು ತಿಂಗಳಿಗೊಮ್ಮೆ ಡೆನೊಸುಮ್ಯಾಬ್ ಚುಚ್ಚುಮದ್ದನ್ನೋ ಕೊಡುತ್ತಾರೆ. ದಿನವೂ ನುಂಗುವ ಮಾತ್ರೆಯಲ್ಲವಾದ್ದರಿಂದ ಮನೆಯವರ ನೆನಪಿಗೆ ಅದು ಬರುವುದೇ ಇಲ್ಲ. ಈ ಔಷಧಿಗಳನ್ನು ಪಡೆದವರಲ್ಲಿ ಕೆಲವರಿಗೆ ಹಲ್ಲು ಕಿತ್ತ ಗಾಯ ಮಾಯದೆ, ದವಡೆಯ ಎಲುಬು ಹೊರಗೆ ಕಾಣುವಂತಾಗುವುದನ್ನು ವೈದ್ಯರು 2003ರಿಂದೀಚೆಗೆ ಗುರುತಿಸಿದ್ದಾರೆ. ಎಲುಬು ಸವೆತಕ್ಕೆ ಕೊಡುವ ಪ್ರಮಾಣದಲ್ಲಿ ಇದು ವಿರಳ. ಅರ್ಬುದ ರೋಗಕ್ಕೆ ಹೆಚ್ಚಿನ ಪ್ರಮಾಣದಲ್ಲಿ ಪಡೆದವರಲ್ಲಿ ಹೆಚ್ಚು. ಹೆದರಿ ಔಷಧಿ ಬಿಡಬೇಕಾಗಿಲ್ಲ, ಹಲ್ಲಿನ ವೈದ್ಯರಿಗೆ ಮೊದಲೇ ತಿಳಿಸಿದರೆ ಸಾಕು. ಅವರು ಹಲ್ಲನ್ನು ಕೀಳುವ ಬದಲು ಉಳಿಸುವ ದಾರಿಯನ್ನು ಹುಡುಕುತ್ತಾರೆ. ಮುಖ, ಕುತ್ತಿಗೆಯ ಭಾಗಕ್ಕೆ ವಿಕಿರಣ ಚಿಕಿತ್ಸೆ ಆಗಿರುವವರೂ, ಆಗಲಿರುವವರೂ ಈ ಮಾತನ್ನು ಇನ್ನಷ್ಟು ಒತ್ತಿ ಹೇಳಬೇಕು. ಚಿಕಿತ್ಸೆಗೆ ಮುಂಚೆಯೇ ಕೆಟ್ಟ ಹಲ್ಲುಗಳನ್ನು ತೆಗೆಸಿಕೊಳ್ಳುವುದು ಕ್ಷೇಮ.

ಉಳಿದವನ್ನು ಬೇಗ ಹೇಳಬಹುದು. ಕೃತಕ ಹೃದಯಕವಾಟವುಳ್ಳವರಿಗೆ ಹಲ್ಲು ಕೀಳುವ ಸುಮಾರು ಒಂದು ಗಂಟೆ ಮೊದಲು ಪ್ರತಿಜೀವಕ ಔಷಧಿ ಕೊಡಬೇಕಾಗುತ್ತದೆ. ಬಾಯಿಯ ಸೂಕ್ಷ್ಮಜೀವಿಗಳು ರಕ್ತದ ಮೂಲಕ ಕವಾಟಕ್ಕೆ ಹತ್ತದಿರಲೆಂದು. ಸಕ್ಕರೆ ಕಾಯಿಲೆಯವರು ಉಪವಾಸ ಹೋಗಬಾರದು: ಎಂದಿನಂತೆ ತಿಂಡಿ ತಿಂದು, ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು, ಬೆಳಗಿನ ಹತ್ತರ ಸುಮಾರಿಗೆ ಹೋಗುವುದು ಒಳ್ಳೆಯದು, ಕೈಚೀಲದಲ್ಲಿ ಗ್ಲೂಕೋಸ್ ಇರಲಿ. ಡಯಾಲಿಸಿಸ್ ಮಾಡಿಸಿಕೊಳ್ಳುವವರು ಅದರ ಮಾರನೆಯ ದಿನ ಹೋಗಬೇಕು. ರಕ್ತದೊತ್ತಡ 180/110 ದಾಟಿದ್ದರೆ ತುರ್ತಿಲ್ಲದ ಕೆಲಸವನ್ನು ಮುಂದೂಡುತ್ತಾರೆ. ಒಸಡು ಉಬ್ಬಿ ಹಲ್ಲಿನ ಮೇಲೆ ಬೆಳೆಯುತ್ತಿದ್ದರೆ ಅದಕ್ಕೆ ರಕ್ತದೊತ್ತಡದ ಅಮ್ಲೋಡಿಪಿನ್ ಅಥವಾ ಮೂರ್ಛೆರೋಗದ ಫೆನಿಟಾಯಿನ್ ಮಾತ್ರೆಯೂ ಕಾರಣವಾಗಿರಬಹುದು.

ನೋವಿನ ಮಾತ್ರೆಯ ವಿಷಯವನ್ನು ಮಾತ್ರ ಅಷ್ಟು ಬೇಗ ಬಿಡುವಂತಿಲ್ಲ. ಹಲ್ಲುನೋವೆಂದರೆ ಅಂಗಡಿಗೆ ಹೋಗಿ ಡೈಕ್ಲೋಫೆನಾಕ್ ಅಥವಾ ಐಬುಪ್ರೊಫೇನ್ ತಂದು ದಿನಕ್ಕೆ ಮೂರರಂತೆ ವಾರಗಟ್ಟಲೆ ಕೊಡುವ ಮನೆಗಳಿವೆ. ಮೂತ್ರಪಿಂಡ ದುರ್ಬಲವಾಗಿರುವವರಿಗೆ, ಹೃದಯ ಸೋತವರಿಗೆ, ರಕ್ತ ತೆಳುಮಾಡುವ ಮಾತ್ರೆ ನುಂಗುವವರಿಗೆ ಇವು ಹಲ್ಲುನೋವಿಗಿಂತ ದೊಡ್ಡ ಕೇಡನ್ನು ತರಬಲ್ಲವು. ಹೊಟ್ಟೆಯೊಳಗೆ ರಕ್ತ ಸೋರಿದ ಮೇಲೆ ಆಸ್ಪತ್ರೆ ಸೇರಿದರೆ, ಅದರ ಮೂಲ ಒಂದು ಹುಳುಕು ಹಲ್ಲೆಂದು ಯಾರಿಗೂ ಹೊಳೆಯುವುದಿಲ್ಲ. ವೈದ್ಯರನ್ನು ಕಾಣುವವರೆಗೆ ತಕ್ಕ ಪ್ರಮಾಣದ ಪ್ಯಾರಸಿಟಮಾಲ್ ಸಾಮಾನ್ಯವಾಗಿ ಹೆಚ್ಚು ಕ್ಷೇಮ. ಆಸ್ಪಿರಿನ್ ಮಾತ್ರೆಯನ್ನು ಒಸಡಿನ ಪಕ್ಕದಲ್ಲಿಟ್ಟುಕೊಳ್ಳುವುದರಿಂದ ನೋವು ಹೋಗುವುದಿಲ್ಲ, ಒಸಡು ಸುಡುತ್ತದೆ ಅಷ್ಟೆ. ಇನ್ನು, ನಡೆದಾಗ ಅಥವಾ ಮೆಟ್ಟಿಲು ಹತ್ತಿದಾಗ ಕೆಳದವಡೆ ನೋಯ್ದು, ಕುಳಿತೊಡನೆ ಕಡಿಮೆಯಾದರೆ ಅದು ಹಲ್ಲಿನ ನೋವಾಗಿರದೆ ಹೃದಯದ ನೋವಾಗಿರಬಹುದು. ಅಂತಹವರು ಮೊದಲು ಹೋಗಬೇಕಾದದ್ದು ಹೃದಯದ ವೈದ್ಯರಲ್ಲಿಗೆ.

ಸರಿ, ಹೋಗುವುದು ಎಲ್ಲಿಗೆ? ನಮ್ಮ ಊರುಗಳಲ್ಲಿ ಹಲ್ಲಿನ ದವಾಖಾನೆಗಳಿಗೆ ಕೊರತೆಯಿಲ್ಲ. ಕೊರತೆಯಿರುವುದು ನೆಲಮಟ್ಟದಲ್ಲಿರುವ ಹಲ್ಲಿನ ದವಾಖಾನೆಗಳಿಗೆ. ಕೆಳಗೆ ಔಷಧಿ ಅಂಗಡಿ, ಪಕ್ಕದಲ್ಲಿ ಕಡಿದಾದ ಮೆಟ್ಟಿಲು, ಮೇಲೆ ವೈದ್ಯರು, ಇದು ಎಲ್ಲ ಪೇಟೆಬೀದಿಗಳ ಚಿತ್ರ. ಸಾರ್ವಜನಿಕರು ಬಂದುಹೋಗುವ ಕಟ್ಟಡಗಳಿಗೆ ಅಂಗವಿಕಲರು ಸರಾಗವಾಗಿ ಪ್ರವೇಶಿಸುವಂತಿರಬೇಕೆಂದು 2016ರ ಕಾಯಿದೆ ಹೇಳುತ್ತದೆ. ಮೆಟ್ಟಿಲುಗಳು ಕಾಯಿದೆಯನ್ನು ಓದಿಲ್ಲ. ಆದಕಾರಣ ಹೊರಡುವ ಮುನ್ನ ದೂರವಾಣಿಯಲ್ಲಿ ವಿಚಾರಿಸಬೇಕು. ಎಷ್ಟು ಮೆಟ್ಟಿಲು, ಲಿಫ್ಟ್ ಉಂಟೆ, ಗಾಲಿಕುರ್ಚಿ ಬಾಗಿಲಲ್ಲಿ ಹಿಡಿಸುತ್ತದೆಯೆ, ಒಳಗೆ ಶೌಚಾಲಯವಿದೆಯೆ, ಚಿಕಿತ್ಸೆಗೆ ಮುನ್ನ ರಕ್ತದೊತ್ತಡ ನೋಡುತ್ತಾರೆಯೆ, ನಮ್ಮ ವೈದ್ಯರೊಡನೆ ಅಗತ್ಯ ಬಿದ್ದರೆ ಮಾತನಾಡುತ್ತಾರೆಯೆ ಎಂದು ಕೇಳಬೇಕು. ಕೊನೆಯ ಪ್ರಶ್ನೆಗೆ ಬರುವ ಉತ್ತರದಿಂದಲೇ ವೈದ್ಯರ ಮನೋಧರ್ಮ ತಿಳಿಯುತ್ತದೆ. "ಕರೆದುಕೊಂಡು ಬನ್ನಿ, ನೋಡೋಣ" ಎನ್ನುವವರಿಗಿಂತ "ಏನೇನು ಮಾತ್ರೆ ತೆಗೆದುಕೊಳ್ಳುತ್ತಾರೆ?" ಎಂದು ತಿರುಗಿ ಕೇಳುವವರು ಮೇಲು. ನಡೆದಾಡಬಲ್ಲ, ಕಾಯಿಲೆ ಹತೋಟಿಯಲ್ಲಿರುವ ಹಿರಿಯರಿಗೆ ಇಂತಹ ನೆರೆಹೊರೆಯ ದವಾಖಾನೆಯೇ ಸಾಕು.

ಕಾಯಿಲೆಗಳು ಹೆಚ್ಚಾಗಿ, ಒಬ್ಬರೇ ವೈದ್ಯರು ಹೊಣೆ ಹೊರಲು ಹಿಂಜರಿಯುವಾಗ ದಂತ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳು ಒಳ್ಳೆಯ ಆಸರೆ. ಈ ವಿಷಯದಲ್ಲಿ ಕರ್ನಾಟಕ ಅದೃಷ್ಟಶಾಲಿಯೆನ್ನಬೇಕು. ನಲವತ್ತಕ್ಕೂ ಹೆಚ್ಚು ದಂತ ಕಾಲೇಜುಗಳು ಇಲ್ಲಿವೆ. ಬೆಂಗಳೂರಿನ ಸರ್ಕಾರಿ ದಂತ ಕಾಲೇಜು 1958ರಲ್ಲಿಯೂ, ಮಣಿಪಾಲದ ಕಾಲೇಜು 1965ರಲ್ಲಿಯೂ ಆರಂಭವಾದವು. ಬಳ್ಳಾರಿಯಲ್ಲಿಯೂ ಸರ್ಕಾರಿ ದಂತ ಕಾಲೇಜಿದೆ. ಮೈಸೂರು, ಮಂಗಳೂರು, ದಾವಣಗೆರೆ, ಧಾರವಾಡ, ಬೆಳಗಾವಿ, ಕಲಬುರಗಿ, ತುಮಕೂರು, ಹಾಸನ, ವಿರಾಜಪೇಟೆ, ಸುಳ್ಯ ಮುಂತಾದ ಕಡೆ ಖಾಸಗಿ ಸಂಸ್ಥೆಗಳು ನಡೆಸುವ ಕಾಲೇಜುಗಳಿವೆ. ಇಲ್ಲಿ ಖರ್ಚು ಕಡಿಮೆ. ಹಲ್ಲು ಕೀಳುವವರು, ಒಸಡು ನೋಡುವವರು, ಹಲ್ಲಿನ ಸೆಟ್ಟು ಕಟ್ಟುವವರು, ಬಾಯಿಯ ರೋಗ ಗುರುತಿಸುವವರು ಎಲ್ಲರೂ ಒಂದೇ ಸೂರಿನಡಿ ಸಿಗುತ್ತಾರೆ. ವೈದ್ಯಕೀಯ ಕಾಲೇಜೂ ಪಕ್ಕದಲ್ಲಿದ್ದರೆ ಹೃದಯತಜ್ಞರ ಅಭಿಪ್ರಾಯವೂ ಅಲ್ಲೇ ದೊರೆಯುತ್ತದೆ.

ಅಲ್ಲಿ ತೊಂದರೆ ಇಲ್ಲವೆಂದಲ್ಲ. ವಿದ್ಯಾರ್ಥಿಗಳು ಅಧ್ಯಾಪಕರ ಕಣ್ಣಿನಡಿಯಲ್ಲಿ ಕೆಲಸ ಮಾಡುವುದರಿಂದ ಹತ್ತು ನಿಮಿಷದ ಕೆಲಸಕ್ಕೆ ಮುಕ್ಕಾಲು ಗಂಟೆ ಹಿಡಿಯಬಹುದು. ಒಂದು ವಿಭಾಗದಿಂದ ಇನ್ನೊಂದಕ್ಕೆ ಚೀಟಿ ಹಿಡಿದು ಅಲೆಯಬೇಕಾಗಬಹುದು. ಸೊಂಟ ನೋಯುವ 80ರ ಅಜ್ಜನಿಗೆ ಇದು ಸಣ್ಣ ಶಿಕ್ಷೆಯಲ್ಲ. ಮನೆಯವರೊಬ್ಬರು ಹಿಂದಿನ ದಿನವೇ ಹೋಗಿ, ಕಾಗದಪತ್ರಗಳನ್ನು ತೋರಿಸಿ, ಹಿರಿಯ ವೈದ್ಯರೊಬ್ಬರನ್ನು ಕಂಡು ಸಮಯ ಗೊತ್ತುಮಾಡಿಕೊಂಡರೆ ಈ ಅಲೆದಾಟದ ಬಹುಭಾಗ ತಪ್ಪುತ್ತದೆ. ಕಾಲೇಜಿನ ಸಮುದಾಯ ದಂತಾರೋಗ್ಯ ವಿಭಾಗವನ್ನೂ ಕೇಳಿನೋಡಬೇಕು. ಹಳ್ಳಿಗಳಲ್ಲಿ, ವೃದ್ಧಾಶ್ರಮಗಳಲ್ಲಿ ಶಿಬಿರ ನಡೆಸುವವರು ಅವರೇ. ಹಲವೆಡೆ ಕುರ್ಚಿಸಹಿತವಾದ ಸಂಚಾರಿ ವಾಹನವೂ ಇರುತ್ತದೆ. ಕಾಲೇಜಿಲ್ಲದ ಊರಿನವರು ಜಿಲ್ಲಾ ಆಸ್ಪತ್ರೆಯ ದಂತ ವಿಭಾಗವನ್ನು ವಿಚಾರಿಸಬಹುದು. ಯಾವುದೂ ತೋಚದಿದ್ದರೆ ಹಿರಿಯ ನಾಗರಿಕರಿಗಾಗಿ ಇರುವ 14567 ಎಂಬ ರಾಷ್ಟ್ರೀಯ ಸಹಾಯವಾಣಿಯಲ್ಲಿ ಮಾಹಿತಿ ಕೇಳಬಹುದು.

ಹಾಸಿಗೆ ಹಿಡಿದವರ ಮಾತು ಬೇರೆ. ದೊಡ್ಡ ಊರುಗಳಲ್ಲಿ ಮನೆಗೇ ಬಂದು ಚಿಕಿತ್ಸೆ ಮಾಡುವ ದಂತವೈದ್ಯರು ಈಗ ಸಿಗುತ್ತಾರೆ. ಸಣ್ಣ ಊರುಗಳಲ್ಲಿಯೂ ಪರಿಚಯದ ವೈದ್ಯರು ಕರೆದರೆ ಬರುವುದುಂಟು. ಮನೆಯಲ್ಲಿ ಏನಾಗುತ್ತದೆ, ಏನಾಗುವುದಿಲ್ಲ ಎಂಬುದನ್ನು ತಿಳಿದಿದ್ದರೆ ಒಳ್ಳೆಯದು. ಬಾಯಿ ಪರೀಕ್ಷೆ, ಹಲ್ಲು ಶುಚಿಗೊಳಿಸುವುದು, ಕೆನ್ನೆಗೆ ಚುಚ್ಚುವ ಮೊನಚು ಹಲ್ಲನ್ನು ನಯಗೊಳಿಸುವುದು, ತೀರ ಅಲುಗಾಡುವ ಹಲ್ಲನ್ನು ತೆಗೆಯುವುದು, ಸೆಟ್ಟಿಗೆ ಅಳತೆ ತೆಗೆಯುವುದು ಇವೆಲ್ಲ ಆಗುತ್ತವೆ. ಹುಳುಕನ್ನು ಯಂತ್ರವಿಲ್ಲದೆ ಕೈಯುಪಕರಣಗಳಿಂದಲೇ ಕೆರೆದು ಗಾರೆಯಂತಹ ಪದಾರ್ಥ ತುಂಬುವ ಒಂದು ವಿಧಾನವಿದೆ. 1980ರ ದಶಕದಲ್ಲಿ ಆಫ್ರಿಕದ ಟಾಂಜಾನಿಯದಲ್ಲಿ, ವಿದ್ಯುತ್ತಿಲ್ಲದ ಹಳ್ಳಿಗಳಿಗೆಂದು ರೂಢಿಗೆ ಬಂದದ್ದು ಇದು. ಹಳ್ಳಿಗೆ ಹೊಂದಿದ್ದು ಹಾಸಿಗೆಗೂ ಹೊಂದಿತು. ಬೆಳ್ಳಿಯ ಅಂಶವುಳ್ಳ ಒಂದು ದ್ರವವನ್ನು ಹುಳುಕಿಗೆ ಹಚ್ಚಿ ಅದು ಮುಂದೆ ಹಬ್ಬದಂತೆ ತಡೆಯುವ ಉಪಾಯವೂ ಉಂಟು. ಹಚ್ಚಿದ ಜಾಗ ಕಪ್ಪಾಗುತ್ತದೆ, ಆದರೆ ಸೂಜಿಯೂ ಬೇಡ, ಕೊರೆಯುವ ಸದ್ದೂ ಇಲ್ಲ. ಎಲುಬಿನಲ್ಲಿ ಹೂತ ಹಲ್ಲನ್ನು ತೆಗೆಯುವುದು, ರಕ್ತಸ್ರಾವದ ಭಯವಿರುವವರಲ್ಲಿ ಹಲವು ಹಲ್ಲು ಕೀಳುವುದು ಇವನ್ನು ಮನೆಯಲ್ಲಿ ಮಾಡಿಸಬಾರದು. ಅದಕ್ಕೆ ಆಂಬುಲೆನ್ಸಿನಲ್ಲಾದರೂ ಆಸ್ಪತ್ರೆಗೇ ಒಯ್ಯಬೇಕು. ಬಂದವರು ನೋಂದಾಯಿತ ದಂತವೈದ್ಯರೆ ಎಂದು ಕೇಳಲು ದಾಕ್ಷಿಣ್ಯಪಡಬೇಕಾಗಿಲ್ಲ. ನೋಂದಣಿಯಿಲ್ಲದೆ ಹಲ್ಲಿನ ಚಿಕಿತ್ಸೆ ನಡೆಸಬಾರದೆಂಬುದು ನಮ್ಮ ದೇಶದಲ್ಲಿ 1948ರ ದಂತವೈದ್ಯರ ಕಾಯಿದೆಯಿಂದ ಬಂದ ನಿಯಮ. ಜಾತ್ರೆ, ಸಂತೆಗಳಲ್ಲಿ ಅರ್ಧ ಗಂಟೆಯಲ್ಲಿ ಹಲ್ಲು ಕಟ್ಟಿಕೊಡುವವರು ಪಕ್ಕದ ಹಲ್ಲುಗಳಿಗೇ ಕೃತಕ ಹಲ್ಲನ್ನು ಅಂಟಿಸಿಬಿಡುತ್ತಾರೆ. ಅದರಡಿಯಲ್ಲಿ ಒಸಡು ಕೊಳೆಯುತ್ತದೆ.

ಕಾಯಬಾರದ ಸಂದರ್ಭವೊಂದಿದೆ. ಹಲ್ಲುನೋವಿನ ಜೊತೆ ದವಡೆಯ ಕೆಳಗೆ, ಕುತ್ತಿಗೆಯ ಕಡೆಗೆ ಊತ ಹಬ್ಬುತ್ತಿದ್ದರೆ, ಜ್ವರವಿದ್ದರೆ, ಬಾಯಿ ತೆರೆಯಲು ಅಥವಾ ಎಂಜಲು ನುಂಗಲು ಆಗದಿದ್ದರೆ, ಉಸಿರು ಕಟ್ಟಿದಂತಾದರೆ, ಆಗ ಹಲ್ಲಿನ ದವಾಖಾನೆಗೆ ಹೋಗದೆ ನೇರವಾಗಿ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೇ ಹೋಗಬೇಕು. 108ಕ್ಕೆ ಕರೆ ಮಾಡಬೇಕು. ಸಕ್ಕರೆ ಕಾಯಿಲೆಯವರಲ್ಲಿ ಈ ಕೀವು ಒಂದು ರಾತ್ರಿಯಲ್ಲಿ ಉಸಿರಿನ ದಾರಿಯನ್ನು ಮುಚ್ಚುವಷ್ಟು ಹಬ್ಬಬಲ್ಲದು.

ಕುರ್ಚಿಯ ಮೇಲೆ ಕುಳಿತ ಮೇಲೂ ಕೆಲವು ಸೂಕ್ಷ್ಮಗಳಿವೆ. ಹೃದಯ ಅಥವಾ ಶ್ವಾಸಕೋಶದ ತೊಂದರೆಯಿರುವವರನ್ನು ಪೂರ್ತಿ ಅಂಗಾತ ಮಲಗಿಸಬಾರದು. "ರಾತ್ರಿ ಎರಡು ದಿಂಬಿಟ್ಟು ಮಲಗುತ್ತಾರೆ" ಎಂದು ಹೇಳಿದರೆ ವೈದ್ಯರಿಗೆ ಅರ್ಥವಾಗುತ್ತದೆ. ಗೂನು ಬೆನ್ನಿನವರಿಗೆ ಮನೆಯಿಂದಲೇ ಒಂದು ಚಿಕ್ಕ ದಿಂಬು ಒಯ್ಯಬಹುದು. ಪಾರ್ಕಿನ್ಸನ್ ಕಾಯಿಲೆಯವರನ್ನು ಅವರ ಮಾತ್ರೆ ಕೆಲಸ ಮಾಡುತ್ತಿರುವ ಹೊತ್ತಿನಲ್ಲಿ, ಎಂದರೆ ನುಂಗಿದ ಒಂದು ಗಂಟೆಯ ಸುಮಾರಿಗೆ, ಕೂರಿಸಿದರೆ ನಡುಕ ಕಡಿಮೆ ಇರುತ್ತದೆ. ಚಿಕಿತ್ಸೆ ಮುಗಿದೊಡನೆ ಎಬ್ಬಿಸದೆ ಕೆಲವು ನಿಮಿಷ ಕೂರಿಸಿಕೊಳ್ಳಬೇಕು. ರಕ್ತದೊತ್ತಡದ ಮಾತ್ರೆಯವರು ಥಟ್ಟನೆ ಎದ್ದರೆ ತಲೆ ತಿರುಗಿ ಬೀಳುತ್ತಾರೆ, ಹಲ್ಲಿಗೆ ಬಂದವರು ಸೊಂಟ ಮುರಿದುಕೊಂಡು ಹೋಗುತ್ತಾರೆ. ಕಿವಿ ಮಂದವಾದವರೊಡನೆ ವೈದ್ಯರು ಮುಖಗವಸು ಇಳಿಸಿ, ಎದುರು ನಿಂತು ಮಾತನಾಡಬೇಕು. ಮಗನನ್ನೋ ಸೊಸೆಯನ್ನೋ ನೋಡಿ "ಇವರಿಗೆ ಏನು ತೊಂದರೆ?" ಎಂದು ಕೇಳುವ ಅಭ್ಯಾಸ ವೈದ್ಯರಲ್ಲಿಯೂ ಉಂಟು, ಹಲ್ಲು ಯಾರದೋ ಅವರನ್ನೇ ಕೇಳುವುದು ಮರ್ಯಾದೆ.

ಮರೆಗುಳಿ ರೋಗವುಳ್ಳವರು ಹಲ್ಲು ನೋಯುತ್ತದೆಂದು ಹೇಳಲಾರರು. ಊಟದ ತಟ್ಟೆಯನ್ನು ತಳ್ಳುವುದು, ಕೆನ್ನೆಯನ್ನು ಮತ್ತೆ ಮತ್ತೆ ಒತ್ತಿಕೊಳ್ಳುವುದು, ಮುಖ ತೊಳೆಯಲು ಬಂದವರ ಮೇಲೆ ಸಿಡುಕುವುದು, ಸೆಟ್ಟು ಹಾಕಿಕೊಳ್ಳಲು ಒಲ್ಲೆನೆನ್ನುವುದು ಇವನ್ನೇ ಮಾತೆಂದು ತಿಳಿಯಬೇಕು. ರೋಗ ಇನ್ನೂ ಹಗುರವಾಗಿರುವಾಗಲೇ ಬಾಯಿಯ ದೊಡ್ಡ ಕೆಲಸಗಳನ್ನು ಮುಗಿಸಿಕೊಳ್ಳುವುದು ಜಾಣತನ. ಎರಡು ವರ್ಷ ಕಳೆದ ಮೇಲೆ ಅವರು ಬಾಯಿ ತೆರೆಯಲು ಒಪ್ಪುವರೆಂಬ ಭರವಸೆಯಿಲ್ಲ.

ವೈದ್ಯರು ಮಾಡುವುದು ವರ್ಷಕ್ಕೆ ಒಂದೆರಡು ದಿನದ ಕೆಲಸ. ಉಳಿದ ದಿನಗಳು ಮನೆಯವರವು. ಜಪಾನಿನ 11 ವೃದ್ಧನಿವಾಸಗಳಲ್ಲಿ ನಡೆಸಿ 1999ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಊಟದ ನಂತರ ಪರಿಚಾರಕರೇ ಹಲ್ಲುಜ್ಜಿದ ವೃದ್ಧರಿಗೆ ಎರಡು ವರ್ಷಗಳಲ್ಲಿ ನ್ಯುಮೋನಿಯ ಬಂದದ್ದು ನೂರಕ್ಕೆ ಸುಮಾರು 11 ಮಂದಿಗೆ. ಹಾಗೆ ಮಾಡದವರಲ್ಲಿ ನೂರಕ್ಕೆ ಸುಮಾರು 19 ಮಂದಿಗೆ. ಬಾಯಿಯ ಕೊಳೆ ಎಂಜಲಿನೊಡನೆ ಶ್ವಾಸಕೋಶಕ್ಕೆ ಇಳಿಯುವುದೇ ಇದಕ್ಕೆ ಕಾರಣ. ಹಲ್ಲುಜ್ಜಿಸುವವರು ಹಿರಿಯರನ್ನು ನೆಟ್ಟಗೆ ಕೂರಿಸಿ, ಗಲ್ಲ ತುಸು ಕೆಳಗಿರುವಂತೆ ಮಾಡಿ, ಪಕ್ಕದಲ್ಲೋ ಹಿಂದೆಯೋ ನಿಂತು ಮೆತ್ತನೆಯ ಬ್ರಷ್ಷಿನಿಂದ ಉಜ್ಜಬೇಕು. ಉಗುಳಲಾರದವರಿಗೆ ಫ್ಲೋರೈಡ್ ಇರುವ ಪೇಸ್ಟನ್ನು ಬ್ರಷ್ಷಿಗೆ ಸವರಿದಷ್ಟೇ ಹಾಕಿ, ಅನಂತರ ಒದ್ದೆಬಟ್ಟೆಯಿಂದ ಒರೆಸಿದರೆ ಸಾಕು. ಪಾರ್ಶ್ವವಾಯು ಬಡಿದ ಬದಿಯ ಕೆನ್ನೆಯೊಳಗೆ ಅನ್ನದ ಅಗುಳು ಗಂಟೆಗಟ್ಟಲೆ ಉಳಿದಿರುತ್ತದೆ. ಅದನ್ನು ತೆಗೆಯದೆ ಮಲಗಿಸಬಾರದು. ತಾವೇ ಉಜ್ಜಿಕೊಳ್ಳಬಲ್ಲ, ಆದರೆ ಬೆರಳು ಮಡಿಸಲಾರದವರಿಗೆ ಬ್ರಷ್ಷಿನ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಡಬಹುದು. ಇದ್ದಿಲು, ಇಟ್ಟಿಗೆಪುಡಿ, ಹೊಗೆಸೊಪ್ಪಿನ ಪುಡಿಗಳನ್ನು ಎಷ್ಟೇ ಹಳೆಯ ಅಭ್ಯಾಸವಾದರೂ ಬಿಡಿಸಬೇಕು.

ಹಲ್ಲಿನ ಸೆಟ್ಟು ಉಳ್ಳವರು ರಾತ್ರಿ ಅದನ್ನು ತೆಗೆದು, ಬ್ರಷ್ಷು ಮತ್ತು ಸಾಬೂನಿನಿಂದ ತೊಳೆದು, ನೀರಿನಲ್ಲಿಡಬೇಕು. ದವಡೆ ವರ್ಷವರ್ಷಕ್ಕೂ ಸವೆಯುವುದರಿಂದ ಸೆಟ್ಟು ಸಡಿಲವಾಗುವುದು ಸಹಜ. ಅದು ಉಜ್ಜಿ ಹುಣ್ಣಾದರೆ ಸೆಟ್ಟನ್ನು ಸರಿಪಡಿಸಬೇಕು. ಸೆಟ್ಟು ತೆಗೆದಿಟ್ಟ ಮೇಲೂ ಎರಡು ವಾರದೊಳಗೆ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಏನೇ ಇದ್ದರೂ ತಡಮಾಡದೆ ತೋರಿಸಬೇಕು. ಜೀವಮಾನವಿಡೀ ಎಲೆಯಡಿಕೆ, ಹೊಗೆಸೊಪ್ಪು ಹಾಕಿದವರಂತೂ ಒಂದು ದಿನವೂ ಕಾಯಬಾರದು. ಬಡತನದ ರೇಖೆಗಿಂತ ಕೆಳಗಿರುವ ವೃದ್ಧರಿಗೆ ಉಚಿತವಾಗಿ ಪೂರ್ಣ ಸೆಟ್ಟು ಒದಗಿಸಲು ಕರ್ನಾಟಕ ಸರ್ಕಾರ 2014-15ರಲ್ಲಿ ದಂತಭಾಗ್ಯ ಎಂಬ ಯೋಜನೆಯನ್ನು ತಂದಿತು. ಪಡಿತರ ಚೀಟಿಯೊಡನೆ ಜಿಲ್ಲಾ ಆಸ್ಪತ್ರೆಯಲ್ಲಿ ಅಥವಾ ದಂತ ಕಾಲೇಜಿನಲ್ಲಿ ವಿಚಾರಿಸಿ ನೋಡಬಹುದು. ತೀರ ವಯಸ್ಸಾದವರಿಗೆ ಹೊಚ್ಚ ಹೊಸ ಆಕಾರದ ಸೆಟ್ಟು ಒಗ್ಗುವುದು ಕಷ್ಟ. ನಾಲಗೆ, ಕೆನ್ನೆಗಳು ಹಳೆಯದಕ್ಕೇ ಪಳಗಿರುತ್ತವೆ. ಹಳೆಯದರ ಅಚ್ಚು ತೆಗೆದು ಅದೇ ರೂಪದಲ್ಲಿ ಹೊಸದನ್ನು ಮಾಡಲು ಬರುತ್ತದೆ. ಆದ್ದರಿಂದ ಮುರಿದುದಾಗಲಿ, ಸಡಿಲವಾದುದಾಗಲಿ, ಹಳೆಯ ಸೆಟ್ಟನ್ನು ಎಸೆಯದೆ, ಒದ್ದೆಬಟ್ಟೆಯಲ್ಲಿ ಸುತ್ತಿ, ವೈದ್ಯರ ಬಳಿಗೆ ಹೋಗುವಾಗ ಚೀಲದಲ್ಲಿ ಇಟ್ಟುಕೊಂಡಿರಬೇಕು.